ಬಣ್ಣ ಹಚ್ಚಿ ಬೆಳಕು ಬಿಟ್ಟರೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸಾಯುತ್ತವಾ?

ಕಾವೇರಿ_ದಂಡೆ
ಎಲ್ಲರಿಗೂ ನಮಸ್ಕಾರ. ಡಾಕ್ಟರುಗಳು, ಲ್ಯಾಬ್‌ನವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅಪ್ಪನಿಗೆ ಶುಗರ್ ಇದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿದೆ, ಒಣಗುತ್ತಲೇ ಇಲ್ಲ. ಕೀವನ್ನು ಕಲ್ಚರ್‌ಗೆ ಕಳಿಸಿದ್ದರು. ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತ ಬಂದಿದೆ. ಕೆಳಗೆ ಔಷಧಿಗಳ ಉದ್ದ ಪಟ್ಟಿ. ಮೆರೊಪೆನೆಮ್ ಸೇರಿ ಎಲ್ಲದರ ಮುಂದೆಯೂ ‘ಆರ್’, ಅಂದರೆ ಆ ಔಷಧಿಗೆ ಬಗ್ಗಲ್ಲ ಅಂತ. ಕೊಲಿಸ್ಟಿನ್ ಮುಂದೆ ಮಾತ್ರ ‘ಐ’.

ಬೆರಳು ತೆಗೆಯಬೇಕಾಗಬಹುದು ಅಂದಿದ್ದಾರೆ. ಈ ನಡುವೆ ಚಿಕ್ಕಪ್ಪನ ಮಗ ಒಂದು ವಿಡಿಯೊ ಕಳಿಸಿದ. ಗಾಯಕ್ಕೆ ನೀಲಿ ಬಣ್ಣ ಹಚ್ಚಿ ಕೆಂಪು ಬೆಳಕು ಬಿಟ್ಟರೆ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಕೂಡ ಸಾಯುತ್ತದೆ ಅಂತ ಅದರಲ್ಲಿದೆ. ಇದು ನಿಜವಾ? ನಿಜವಾದರೆ ಮೈಸೂರು, ಬೆಂಗಳೂರು ಕಡೆ ಎಲ್ಲಾದರೂ ಮಾಡುತ್ತಾರಾ?

ಶಂಖಪುಷ್ಪ
ನಂಬಬೇಡಿ. ಕೋವಿಡ್ ಎರಡನೇ ಅಲೆಯಲ್ಲಿ ಇದೇ ನೀಲಿ ಮೆಥಿಲೀನ್ ಬ್ಲೂ ನಾಲಿಗೆ ಕೆಳಗೆ ಹಾಕಿಕೊಳ್ಳಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದ್ದರು. ಈಗ ಹೊಸ ವೇಷ.

ಬೆಂಚಿನ_ಹುಡುಗಿ
ಶಂಖಪುಷ್ಪ ಅವರೇ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಕುಡಿಯುವುದು ಬೇರೆ, ಗಾಯಕ್ಕೆ ಹಚ್ಚಿ ಬೆಳಕು ಬಿಡುವುದು ಬೇರೆ. ನಾನು ಸೂಕ್ಷ್ಮಜೀವಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಈ ವಿಷಯ ನನಗೆ ಬಹಳ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಲವು ಬಣ್ಣಗಳು ಬೆಳಕನ್ನು ಹೀರಿಕೊಂಡು ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತವೆ. ಆಗ ಮಾಮೂಲಿ ಆಮ್ಲಜನಕ ‘ಸಿಂಗ್ಲೆಟ್ ಆಮ್ಲಜನಕ’ ಆಗುತ್ತದೆ. ಅದು ಸಿಕ್ಕಿದ್ದನ್ನೆಲ್ಲ ಸುಡುತ್ತದೆ: ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ. ನೀರಿನಲ್ಲಿ ಅದರ ಆಯಸ್ಸು ಸೆಕೆಂಡಿನ ದಶಲಕ್ಷದ ಕೆಲವೇ ಭಾಗ. ಅಷ್ಟರಲ್ಲಿ ಅದು ಓಡುವ ದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಂದರೆ ಬಣ್ಣ ಎಲ್ಲಿ ಅಂಟಿದೆಯೋ ಅಲ್ಲೇ ಪೆಟ್ಟು. ಬೆಳಕು ಆರಿಸಿದ ಕೂಡಲೇ ಕೆಲಸವೂ ನಿಲ್ಲುತ್ತದೆ.

ಇದಕ್ಕೆ ಮೂರು ಬೇಕು: ಬಣ್ಣ, ಆ ಬಣ್ಣಕ್ಕೆ ಹೊಂದುವ ಬೆಳಕು, ಆಮ್ಲಜನಕ. ಒಂದು ಇಲ್ಲದಿದ್ದರೂ ಏನೂ ಆಗಲ್ಲ. ಮೆಥಿಲೀನ್ ಬ್ಲೂಗೆ 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕು. ರೋಸ್ ಬೆಂಗಾಲ್‌ಗೆ ಹಸಿರು.

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೂ ಇದು ಕೆಲಸ ಮಾಡುವುದಕ್ಕೆ ಕಾರಣ ಇದೆ. ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಒಂದು ಭಾಗಕ್ಕೆ ಮಾತ್ರ ಹೊಡೆಯುತ್ತದೆ. ಬ್ಯಾಕ್ಟೀರಿಯಾ ಆ ಭಾಗವನ್ನು ಬದಲಾಯಿಸಿಕೊಂಡರೆ, ಇಲ್ಲವೇ ಔಷಧಿಯನ್ನು ಒಡೆಯುವ ಕಿಣ್ವ ಮಾಡಿಕೊಂಡರೆ ಬಚಾವ್. ಮೆರೊಪೆನೆಮ್ ಒಡೆಯುವ ಕಿಣ್ವಕ್ಕೆ ಸಿಂಗ್ಲೆಟ್ ಆಮ್ಲಜನಕವನ್ನು ತಡೆಯಲು ಬರಲ್ಲ.

ಸ್ಯೂಡೊಮೊನಾಸ್ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಅದು ಗ್ರಾಂ ನೆಗೆಟಿವ್, ಹೊರಗೆ ಇನ್ನೊಂದು ಪೊರೆ ಇದೆ. ಋಣ ವಿದ್ಯುದಂಶದ ಬಣ್ಣಗಳು ಅದನ್ನು ಸುಲಭವಾಗಿ ದಾಟಲ್ಲ. ಧನ ವಿದ್ಯುದಂಶದವು, ಅಂದರೆ ಮೆಥಿಲೀನ್ ಬ್ಲೂ, ಟೊಲುಯಿಡಿನ್ ಬ್ಲೂ ಥರದವು, ದಾಟುತ್ತವೆ. ಆದರೂ ಸ್ಟಾಫ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಸತ್ತಷ್ಟು ಸುಲಭವಾಗಿ ಸ್ಯೂಡೊಮೊನಾಸ್ ಸಾಯಲ್ಲ.

ಕೊಲಿಸ್ಟಿನ್ ಮುಂದೆ ‘ಐ’ ಇರುವುದಕ್ಕೆ ಹೆದರಬೇಡಿ. ಈಗ ಹಲವು ಲ್ಯಾಬ್‌ಗಳು ಅನುಸರಿಸುವ ಅಮೆರಿಕದ ನಿಯಮದಲ್ಲಿ ಕೊಲಿಸ್ಟಿನ್‌ಗೆ ‘ಎಸ್’, ಅಂದರೆ ‘ಬಗ್ಗುತ್ತದೆ’ ಅನ್ನೋ ದರ್ಜೆಯೇ ಇಲ್ಲ. ‘ಐ’ (ನಡುವಿನ ದರ್ಜೆ) ಇಲ್ಲವೇ ‘ಆರ್’, ಅಷ್ಟೇ.

ಕಾವೇರಿ_ದಂಡೆ
ತುಂಬಾ ಥ್ಯಾಂಕ್ಸ್ ಅಕ್ಕ. ‘ಐ’ ಬಗ್ಗೆ ಇದುವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾದರೆ ಕಾಲಿನ ಹುಣ್ಣಿಗೆ ಇದನ್ನು ಮನುಷ್ಯರ ಮೇಲೆ ಮಾಡಿದ್ದಾರಾ, ಇಲ್ಲ ಲ್ಯಾಬ್‌ನಲ್ಲಿ ಮಾತ್ರವಾ?

ಬೆಂಚಿನ_ಹುಡುಗಿ
ಮಾಡಿದ್ದಾರೆ. ಬ್ರೆಜಿಲ್‌ನ ಸಾಂತೊ ಆಂದ್ರೆಯಲ್ಲಿ ತಾರ್ದಿವೊ ಅವರ ತಂಡ ಶುಗರ್ ಕಾಲಿನ ಮೇಲೇ ಮಾಡಿತು. ಮೂಳೆಗೂ ಸೋಂಕು ಹತ್ತಿದ ಪ್ರಕರಣಗಳು. 2014ರಲ್ಲಿ ಪ್ರಕಟವಾದ ವರದಿಯಲ್ಲಿ, ಬಣ್ಣ-ಬೆಳಕಿನ ಚಿಕಿತ್ಸೆ ಪಡೆದ 18 ಜನರಲ್ಲಿ ಒಬ್ಬರಿಗೆ ಮಾತ್ರ ಅಂಗ ಕತ್ತರಿಸಬೇಕಾಯಿತು. ಹೋಲಿಕೆಗೆ ಇಟ್ಟುಕೊಂಡಿದ್ದ 16 ಜನರಲ್ಲಿ ಎಲ್ಲರಿಗೂ ಕತ್ತರಿಸಬೇಕಾಯಿತು.

ತಕರಾರು_ತಿಮ್ಮ
ಅಂಕಿ ನೋಡಿ ಮೈಮರೆಯಬೇಡಿ. 18 ಮತ್ತು 16, ಅಷ್ಟೇ ಜನ. ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನು ಡಾಕ್ಟರೇ ಆರಿಸಿದಾಗ, ಗುಣವಾಗುವಂಥ ಕಾಲುಗಳೇ ಒಂದು ಕಡೆ ಸೇರಿಕೊಳ್ಳುವ ಸಾಧ್ಯತೆ ಇರುತ್ತದೆ. ಹೋಲಿಕೆ ಗುಂಪಿನಲ್ಲಿ ನೂರಕ್ಕೆ ನೂರು ಕತ್ತರಿಸಿದರು ಅಂದಾಗಲೇ ನನಗೆ ಅನುಮಾನ ಬರುತ್ತದೆ.

ಇನ್ನೊಂದು ಮಾತು. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರು ಕಣ್ಣಿನ ಫಂಗಸ್ ಹುಣ್ಣಿಗೆ ರೈಬೊಫ್ಲೇವಿನ್ (ವಿಟಮಿನ್ ಬಿ2, ಹಳದಿ ಬಣ್ಣ) ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಸರಿಯಾದ ಕ್ರಮದಲ್ಲಿ ಪ್ರಯೋಗ ಮಾಡಿದರು. 2020ರಲ್ಲಿ ಫಲಿತಾಂಶ ಬಂತು. ಏನೂ ಲಾಭ ಆಗಲಿಲ್ಲ. ಬೆಳಕಿನ ಚಿಕಿತ್ಸೆ ಪಡೆದವರ ದೃಷ್ಟಿ ಇನ್ನಷ್ಟು ಕಡಿಮೆಯೇ ಇತ್ತು. ಲ್ಯಾಬ್ ತಟ್ಟೆಯಲ್ಲಿ ಸತ್ತದ್ದೆಲ್ಲ ದೇಹದಲ್ಲಿ ಸಾಯಲ್ಲ.

ಬೆಂಚಿನ_ಹುಡುಗಿ
ತಿಮ್ಮ ಅವರೇ, ಬ್ರೆಜಿಲ್ ಅಧ್ಯಯನದ ಬಗ್ಗೆ ನೀವು ಹೇಳಿದ್ದು ಸರಿ. ದೊಡ್ಡ ಪ್ರಯೋಗ ಬೇಕೇ ಬೇಕು. ಆದರೆ ಮದುರೈನದು ಫಂಗಸ್, ಬ್ಯಾಕ್ಟೀರಿಯಾ ಅಲ್ಲ. ಬಣ್ಣ ಬೇರೆ, ಬೆಳಕೂ ಬೇರೆ. ಕಣ್ಣಿನ ಹುಣ್ಣಿಗೆ ರೋಸ್ ಬೆಂಗಾಲ್ ಮತ್ತು ಹಸಿರು ಬೆಳಕನ್ನು ಮಯಾಮಿಯವರು ಶುರು ಮಾಡಿದ್ದು. ಒಂದು ಜೋಡಿ ಸೋತರೆ ಎಲ್ಲ ಜೋಡಿಯೂ ಸೋತಿತು ಅನ್ನೋದು ಸರಿಯಲ್ಲ.

ತಕರಾರು_ತಿಮ್ಮ
ಒಂದು ಜೋಡಿ ಗೆದ್ದರೆ ಎಲ್ಲವೂ ಗೆದ್ದಿತು ಅನ್ನೋದೂ ಸರಿಯಲ್ಲ, ಅಲ್ವಾ?

ಹಲ್ಲು_ಡಾಕ್ಟ್ರು_ಹುಬ್ಬಳ್ಳಿ
ನಮ್ಮ ಕ್ಷೇತ್ರದಲ್ಲಿ ಇದು ಹೊಸದೇನಲ್ಲ. ಒಸಡು ಮತ್ತು ಹಲ್ಲಿನ ನಡುವೆ ಸಂದಿ ಬಿದ್ದವರಿಗೆ ಮೊದಲು ಪೂರ್ತಿ ಕ್ಲೀನ್ ಮಾಡುತ್ತೇವೆ. ಆಮೇಲೆ ಮೊಂಡು ಸೂಜಿಯಿಂದ ಸಂದಿಯ ತಳಕ್ಕೆ ನೀಲಿ ದ್ರಾವಣ ಬಿಡುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ನೀರು ಹಾಯಿಸುತ್ತೇವೆ. ಹೆಚ್ಚಾದ ಬಣ್ಣ ತೊಳೆಯದಿದ್ದರೆ ಬೆಳಕೆಲ್ಲ ಆ ದ್ರಾವಣವೇ ಹೀರಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ತನಕ ತಲುಪಲ್ಲ. ಆಮೇಲೆ ತೆಳ್ಳನೆ ಫೈಬರ್ ತುದಿ ಇಳಿಸಿ ಕೆಂಪು ಡಯೋಡ್ ಲೇಸರ್ ಬಿಡುವುದು.

ಕೆಲವರಿಗೆ ರಕ್ತ ಒಸರುವುದು ಕಡಿಮೆಯಾಗುತ್ತದೆ. ಆದರೆ ಕ್ಲೀನಿಂಗ್ ಬಿಟ್ಟು ಇದೊಂದನ್ನೇ ಮಾಡಿದರೆ ಪ್ರಯೋಜನ ಇಲ್ಲ. ಗಟ್ಟಿಯಾದ ಪಾಚಿ ತೆಗೆಯದೆ ಮೇಲೆ ಬಣ್ಣ ಹಚ್ಚಿದರೆ ಏನು ಬಂತು? ಕಾವೇರಿ ಅವರೇ, ನಿಮ್ಮ ತಂದೆಯ ಗಾಯಕ್ಕೂ ಇದೇ ಮಾತು. ಸತ್ತ ಮಾಂಸ ಸರಿಯಾಗಿ ತೆಗೆದಿದ್ದಾರಾ, ಕಾಲಿಗೆ ರಕ್ತ ಓಡುತ್ತಿದೆಯಾ ಅಂತ ಡಾಪ್ಲರ್ ಮಾಡಿದ್ದಾರಾ ಅಂತ ಮೊದಲು ಕೇಳಿ.

ವ್ಯಾಂಕೂವರ್_ಶಾರದಾ
ನನ್ನ ಮೂಗಿಗೇ ಮಾಡಿದ್ದಾರೆ! ಇಲ್ಲಿ ಬೆನ್ನಿನ ಆಪರೇಷನ್‌ಗೆ ಮೊದಲು ನರ್ಸ್ ಎರಡೂ ಹೊಳ್ಳೆಗಳ ಒಳಗೆ ಹತ್ತಿ ಕಡ್ಡಿಯಿಂದ ನೀಲಿ ದ್ರಾವಣ ಸವರಿದರು. ಆಮೇಲೆ ಹೊಳ್ಳೆಗೊಂದರಂತೆ ಸಣ್ಣ ತುದಿ ಇಟ್ಟು ಕೆಂಪು ಬೆಳಕು. ಒಂದೆರಡು ನಿಮಿಷ, ಮತ್ತೆ ಇನ್ನೊಂದು ಸಲ. ನೋವಿಲ್ಲ, ಉರಿಯಿಲ್ಲ. ಕರವಸ್ತ್ರ ಮಾತ್ರ ನೀಲಿಯಾಯಿತು.

ಮೂಗಿನಲ್ಲಿ ಯಾಕೆ ಅಂತ ಕೇಳಿದೆ. ಬಹಳ ಜನರ ಮೂಗಿನಲ್ಲಿ ಸ್ಟಾಫ್ ತೊಂದರೆ ಕೊಡದೆ ಇರುತ್ತದಂತೆ, ಆಪರೇಷನ್ ಗಾಯಕ್ಕೆ ಅಲ್ಲಿಂದಲೇ ಸೋಂಕು ಬರುವುದು ಜಾಸ್ತಿಯಂತೆ. ವ್ಯಾಂಕೂವರ್ ಜನರಲ್ ಆಸ್ಪತ್ರೆಯಲ್ಲಿ ಇದನ್ನು 3,000ಕ್ಕೂ ಹೆಚ್ಚು ರೋಗಿಗಳಿಗೆ ಮಾಡಿ ನೋಡಿದರು. ಗಾಯದ ಸೋಂಕು ನೂರಕ್ಕೆ 2.7ರಿಂದ 1.6ಕ್ಕೆ ಇಳಿಯಿತು ಅಂತ 2014ರಲ್ಲಿ ಪ್ರಕಟಿಸಿದ್ದಾರೆ.

ತಕರಾರು_ತಿಮ್ಮ
ಶಾರದಾ ಅವರೇ, ಅದರಲ್ಲಿ ಮೈಗೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಒರೆಸುವುದನ್ನೂ ಸೇರಿಸಿದ್ದರು. ಹೋಲಿಸಿದ್ದು ಹಿಂದಿನ ವರ್ಷಗಳ ರೋಗಿಗಳ ಜೊತೆ. ಬೆಳಕಿನ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಬರಲ್ಲ. ಆದರೂ ಇದು ನನಗೆ ಒಪ್ಪಿಗೆಯಾಗುವ ಬಳಕೆ. ಮೂಗಿನೊಳಗೆ ಬೆಳಕು ತಲುಪುತ್ತದೆ, ಗಾಳಿ ಆಡುತ್ತದೆ, ಆಮ್ಲಜನಕಕ್ಕೆ ಬರವಿಲ್ಲ.

ಹಳೇ_ಕಾಂಪೌಂಡರ್
ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದು ನಿವೃತ್ತನಾದವನು. ಆಗ ನಮ್ಮ ಮೇಜಿನ ಮೇಲೆ ಬಣ್ಣಗಳೇ ಇದ್ದದ್ದು. ಮಕ್ಕಳ ಬಾಯಿಹುಣ್ಣಿಗೆ ಜೆನ್ಷನ್ ವಯಲೆಟ್, ಮಂಡಿ ತರಚಿದರೆ ಮರ್ಕ್ಯುರೋಕ್ರೋಮ್. ಬೆಳಕಿನ ಸುದ್ದಿಯೇ ಇರಲಿಲ್ಲ, ಗಾಯ ಒಣಗುತ್ತಿತ್ತು. ಬಣ್ಣವೇ ಕೊಲ್ಲುವಾಗ ದೀಪ ಯಾಕೆ ಬೇಕು?

ಬೆಂಚಿನ_ಹುಡುಗಿ
ಸರ್, ಕತ್ತಲಲ್ಲೂ ಕೊಲ್ಲುವ ಬಣ್ಣಗಳಿವೆ. ಜೆನ್ಷನ್ ವಯಲೆಟ್ ಅಂಥದ್ದು. ಆದರೆ ಮೆಥಿಲೀನ್ ಬ್ಲೂ ತೆಳ್ಳಗಿದ್ದಾಗ ಕತ್ತಲಲ್ಲಿ ಹೆಚ್ಚೇನೂ ಮಾಡಲ್ಲ, ಅದೇ ಪ್ರಮಾಣಕ್ಕೆ ಕೆಂಪು ಬೆಳಕು ಬಿದ್ದರೆ ಕೊಲ್ಲುತ್ತದೆ. ನಾವು ಪ್ರತಿಸಲ ನಾಲ್ಕು ಥರ ಇಡುತ್ತೇವೆ: ಬಣ್ಣವೂ ಬೆಳಕೂ ಇಲ್ಲದ್ದು, ಬಣ್ಣ ಮಾತ್ರ, ಬೆಳಕು ಮಾತ್ರ, ಎರಡೂ ಇರುವುದು. ಮಾರನೆಯ ದಿನ ತಟ್ಟೆ ತೆಗೆದರೆ ಮೊದಲ ಮೂರರಲ್ಲಿ ಚುಕ್ಕೆ ಚುಕ್ಕೆ ಕಾಲೊನಿಗಳು ತುಂಬಿರುತ್ತವೆ. ನಾಲ್ಕನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಬಣ್ಣ ಹಾಕಿದ ಟ್ಯೂಬಿಗೆಲ್ಲ ಫಾಯಿಲ್ ಸುತ್ತಿಟ್ಟಿರುತ್ತೇವೆ. ಇಲ್ಲದಿದ್ದರೆ ಕೋಣೆಯ ಬೆಳಕೇ ಲೆಕ್ಕ ಕೆಡಿಸುತ್ತದೆ.

ಇದು ಮೊದಲು ಗೊತ್ತಾದದ್ದೂ ಹಾಗೆಯೇ. ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನೋ ವೈದ್ಯ ವಿದ್ಯಾರ್ಥಿ ಅಕ್ರಿಡಿನ್ ಬಣ್ಣ ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿಯ ಮೇಲೆ ಏನು ಮಾಡುತ್ತದೆ ಅಂತ ನೋಡುತ್ತಿದ್ದ. ಒಂದೇ ಪ್ರಮಾಣದ ಬಣ್ಣ, ಒಂದು ದಿನ ಬೇಗ ಸಾಯುತ್ತವೆ, ಇನ್ನೊಂದು ದಿನ ನಿಧಾನ. ಕಾರಣ ಹುಡುಕಿದಾಗ ಸಿಕ್ಕಿದ್ದು ಬೆಳಕಿನ ವ್ಯತ್ಯಾಸ. 1900ರಲ್ಲಿ ಪ್ರಕಟಿಸಿದ. ಅವನ ಗುರು ಫಾನ್ ಟಾಪೈನರ್. ಅಂದರೆ ಈ ವಿದ್ಯೆ ಪೆನಿಸಿಲಿನ್‌ಗಿಂತ ಹಳೆಯದು.

ಇತಿಹಾಸ_ಮೇಷ್ಟ್ರು
ಬಣ್ಣಗಳ ಕಥೆ ಬಂದಾಗ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಅವರನ್ನು ಬಿಡಬಾರದು. ಮೆಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಗೆ ಹಾಕುವ ಬಣ್ಣವಾಗಿ ತಯಾರಾಯಿತು. 1891ರಲ್ಲಿ ಎರ್ಲಿಕ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟರು. ಬಣ್ಣ ಅಂಟುವ ಜೀವಕೋಶಕ್ಕೆ ಮಾತ್ರ ವಿಷ ತಲುಪಿಸಬಹುದು ಅನ್ನೋದು ಅವರ ಯೋಚನೆ. ಮುಂದೆ 1930ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಡೋಮಾಕ್ ಅವರ ಪ್ರೊಂಟೊಸಿಲ್ ಅನ್ನೋ ಔಷಧಿ ಬಂತು, ಅದೂ ಕೆಂಪು ಬಣ್ಣವೇ. ಬಣ್ಣವೇ ಬ್ಯಾಕ್ಟೀರಿಯಾ ಕೊಂದಿತು.

ಮೆಡಿಕಲ್_ಶಾಪ್_ತುಮಕೂರು
ಮೇಷ್ಟ್ರೇ, ಪ್ರೊಂಟೊಸಿಲ್‌ನಲ್ಲಿ ಬಣ್ಣದ ಪಾತ್ರ ಇಲ್ಲ. ದೇಹದೊಳಗೆ ಅದು ಒಡೆದು ಸಲ್ಫಾನಿಲಮೈಡ್ ಹೊರಬರುತ್ತದೆ, ಕೆಲಸ ಮಾಡುವುದು ಅದು. ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನವರು 1935ರಲ್ಲೇ ತೋರಿಸಿದರು. ಸಲ್ಫಾನಿಲಮೈಡ್‌ಗೆ ಬಣ್ಣವೇ ಇಲ್ಲ. ಸಲ್ಫಾ ಗುಳಿಗೆ, ಆಮೇಲೆ ಪೆನಿಸಿಲಿನ್ ಬಂದ ಮೇಲೆ ಬೆಳಕಿನ ಚಿಕಿತ್ಸೆಯನ್ನು ಎಲ್ಲರೂ ಮರೆತರು.

ಇತಿಹಾಸ_ಮೇಷ್ಟ್ರು
ಆದರೂ ಡೋಮಾಕ್ ಆ ಔಷಧಿಗೆ ತಲುಪಿದ್ದು ಬಣ್ಣದ ಕಾರ್ಖಾನೆಯ ದಾರಿಯಲ್ಲೇ ಅಲ್ವಾ?

ಮಲೆನಾಡ_ಮಗಳು
ಅರಿಶಿಣ ಯಾಕೆ ಯಾರೂ ಹೇಳುತ್ತಿಲ್ಲ? ನಮ್ಮ ಅಜ್ಜಿ ಗಾಯಕ್ಕೆ ಅರಿಶಿಣ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದರು. ಅದೂ ಬಣ್ಣ-ಬೆಳಕೇ ತಾನೇ?

ಬೆಂಚಿನ_ಹುಡುಗಿ
ಅರಿಶಿಣದ ಕರ್ಕ್ಯುಮಿನ್ ನಿಜವಾಗಿಯೂ ಬೆಳಕಿಗೆ ಎಚ್ಚರಗೊಳ್ಳುವ ಬಣ್ಣ. 420-430 ನ್ಯಾನೊಮೀಟರ್ ನೀಲಿ ಬೆಳಕು ಬೇಕು. ಬಾಯಿಯ ಬ್ಯಾಕ್ಟೀರಿಯಾಗಳ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಆದರೆ ತೊಂದರೆಗಳಿವೆ. ಅದು ನೀರಿನಲ್ಲಿ ಕರಗಲ್ಲ. ನೀಲಿ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯಲ್ಲ. ಜೊತೆಗೆ ಬೆಳಕಿಗೆ ಬೇಗ ಹಾಳಾಗುತ್ತದೆ. ಬಿಳಿ ಪಂಚೆಗೆ ಸಾರಿನ ಕಲೆ ಬಿದ್ದರೆ ಒಗೆದು ಬಿಸಿಲಿಗೆ ಹಾಕುತ್ತೀರಲ್ಲ, ಸಂಜೆಗೆ ಹಳದಿ ಮಾಯ. ಆ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗಿರುತ್ತದೆ. ಒಡೆದ ಮೇಲೆ ಬ್ಯಾಕ್ಟೀರಿಯಾ ಕೊಲ್ಲಲು ಉಳಿಯುವುದೇನು?

ಅಡುಗೆಮನೆ ಅರಿಶಿಣದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಬೀಜಾಣುಗಳೂ ಇರುತ್ತವೆ. ಶುಗರ್ ಗಾಯಕ್ಕೆ ಅದನ್ನು ಮೆತ್ತಬೇಡಿ.

ಮಲೆನಾಡ_ಮಗಳು
ಪಂಚೆ ಕಲೆ ಬಿಸಿಲಿಗೆ ಹೋಗುವುದು ಗೊತ್ತಿತ್ತು, ಕಾರಣ ಇದು ಅಂತ ಇವತ್ತು ಗೊತ್ತಾಯಿತು 🙏

ಮೀನು_ತೊಟ್ಟಿ
ನಮ್ಮ ಅಕ್ವೇರಿಯಂ ಅಂಗಡಿಯಲ್ಲಿ ಮೆಥಿಲೀನ್ ಬ್ಲೂ ಬಾಟಲಿ ಅಗ್ಗಕ್ಕೆ ಸಿಗುತ್ತದೆ. ಮೀನಿನ ಮೊಟ್ಟೆಗೆ ಫಂಗಸ್ ಹಿಡಿಯದಿರಲಿ ಅಂತ ಹಾಕುತ್ತೇವೆ. ಆನ್‌ಲೈನ್‌ನಲ್ಲಿ ಕೆಂಪು ಎಲ್‌ಇಡಿ ದೀಪವೂ ಇದೆ. ಕಾವೇರಿ ಅವರು ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ?

ಹಲ್ಲು_ಡಾಕ್ಟ್ರು_ಹುಬ್ಬಳ್ಳಿ
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಮೀನಿನ ಬಾಟಲಿಯಲ್ಲಿ ಬೇರೆ ಏನೇನು ಸೇರಿದೆ ಯಾರಿಗೂ ಗೊತ್ತಿಲ್ಲ. ಕ್ರಿಮಿಶುದ್ಧವಂತೂ ಅಲ್ಲ. ಶುಗರ್ ಇರುವವರ ಪಾದಕ್ಕೆ ಸ್ಪರ್ಶ ಗೊತ್ತಾಗಲ್ಲ, ದೀಪದ ಬಿಸಿಗೆ ಸುಟ್ಟರೂ ತಿಳಿಯಲ್ಲ.

ಮೆಡಿಕಲ್_ಶಾಪ್_ತುಮಕೂರು
ಇನ್ನೂ ಎರಡು ಎಚ್ಚರಿಕೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇರುವವರ ದೇಹಕ್ಕೆ ಮೆಥಿಲೀನ್ ಬ್ಲೂ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಖಿನ್ನತೆಗೆ ಕೆಲವು ಗುಳಿಗೆ ನುಂಗುವವರಿಗೆ ಇದನ್ನು ಕೊಟ್ಟರೆ ಜೀವಕ್ಕೇ ಅಪಾಯ ಅಂತ ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿದೆ. ಅದು ಮುಖ್ಯವಾಗಿ ಇಂಜೆಕ್ಷನ್ ಬಗ್ಗೆ. ಹಾಗಂತ ತೆರೆದ ಗಾಯಕ್ಕೆ ಸುಮ್ನೆ ಸುರಿಯುವ ವಸ್ತುವಲ್ಲ.

ಶಂಖಪುಷ್ಪ
ಮೆಡಿಕಲ್ ಅಣ್ಣ, ಈ ಸ್ಥಿತಿ ಬಂದದ್ದೇ ನಿಮ್ಮಂಥ ಅಂಗಡಿಗಳಿಂದ. ಚೀಟಿ ಇಲ್ಲದೆ ಅಜಿತ್ರೊಮೈಸಿನ್ ಕೊಡುತ್ತೀರಿ, ಮೂರು ಗುಳಿಗೆ ಹರಿದು ಕೊಡುತ್ತೀರಿ. ಈಗ ಬಣ್ಣ, ಬೆಳಕು ಅಂತ ಹುಡುಕಾಟ.

ಮೆಡಿಕಲ್_ಶಾಪ್_ತುಮಕೂರು
ಶಂಖಪುಷ್ಪ ಅವರೇ, 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯ (ಕೆಲವು ಆ್ಯಂಟಿಬಯೋಟಿಕ್‌ಗಳೂ ಸೇರಿದ ಸರ್ಕಾರಿ ಪಟ್ಟಿ) ಔಷಧಿಗೆ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲ ರಿಜಿಸ್ಟರ್‌ನಲ್ಲಿ ಬರೆಯಬೇಕು, ಮೂರು ವರ್ಷ ಇಟ್ಟುಕೊಳ್ಳಬೇಕು. ನಾನು ಬರೆಯುತ್ತೇನೆ. ಬರೆಯದವರೂ ಇದ್ದಾರೆ, ಮುಚ್ಚಿಡಲ್ಲ. ನಾನು ಕೊಡಲ್ಲ ಅಂದರೆ ಗಿರಾಕಿ ಬೈದು ಮುಂದಿನ ಅಂಗಡಿಗೆ ಹೋಗುತ್ತಾರೆ. ಹರಿದು ಕೊಡಿ ಅಂತ ಕೇಳುವವರೂ ಅವರೇ.

ತಕರಾರು_ತಿಮ್ಮ
ಜಗಳ ಬೇಡ. ಲೆಕ್ಕ ನೋಡಿ: 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಅಂತ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದ ಅಂದಾಜು. ಇವರಲ್ಲಿ ಬಹುಪಾಲು ರಕ್ತದ ಸೋಂಕು, ಶ್ವಾಸಕೋಶದ ಸೋಂಕು, ಹೊಟ್ಟೆಯೊಳಗಿನ ಸೋಂಕು. ರಕ್ತದಲ್ಲಿ ಹರಿಯುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗೆ ದೀಪ ಎಲ್ಲಿ ಹಿಡಿಯುತ್ತೀರಿ? ಕೆಂಪು ಬೆಳಕು ಮಾಂಸದೊಳಗೆ ಇಳಿಯುವುದೇ ಕೆಲವು ಮಿಲಿಮೀಟರ್.

ಬೆಂಚಿನ_ಹುಡುಗಿ
ಅದಕ್ಕೇ ನಾನು ಇದನ್ನು ಆ್ಯಂಟಿಬಯೋಟಿಕ್‌ನ ಬದಲಿ ಅಂತ ಹೇಳುತ್ತಲೇ ಇಲ್ಲ. ಮೇಲ್ಮೈ ಸೋಂಕಿಗೆ ಇದನ್ನು ಬಳಸಿದರೆ ಅಷ್ಟು ಆ್ಯಂಟಿಬಯೋಟಿಕ್ ಉಳಿಯುತ್ತದೆ. ಮೂಗು, ಒಸಡು, ಸುಟ್ಟ ಗಾಯ, ಕಾಲಿನ ಹುಣ್ಣು, ಮೊಡವೆ. ಉಳಿಸಿದ ಕೊಲಿಸ್ಟಿನ್ ರಕ್ತದ ಸೋಂಕಿನವರಿಗೆ ಬೇಕಾಗುತ್ತದೆ. ಇಷ್ಟು ಅಗ್ಗದ ಬಣ್ಣ, ಇಷ್ಟು ಅಗ್ಗದ ದೀಪ. ನಮ್ಮಂಥ ದೇಶದಲ್ಲಿ ಶುಗರ್ ಕಾಲಿನ ಮೇಲೆ ಇದರ ದೊಡ್ಡ ಪ್ರಯೋಗ ನಡೆಯಲೇಬೇಕು. ಪೇಟೆಂಟ್ ಸಿಗದ ಹಳೇ ಬಣ್ಣಕ್ಕೆ ಹಣ ಹಾಕುವ ಕಂಪನಿ ಕಡಿಮೆ, ಸರ್ಕಾರದ ಹಣವೇ ಬರಬೇಕು.

ರಕ್ತನಿಧಿ_ಟೆಕ್ನಿಷಿಯನ್
ರಕ್ತದ ವಿಷಯ ಬಂತಲ್ಲ, ಒಂದು ಮಾತು. ದೇಹದೊಳಗಿನ ರಕ್ತಕ್ಕೆ ಆಗಲ್ಲ, ಚೀಲದೊಳಗಿನ ಪ್ಲಾಸ್ಮಾಗೆ ಆಗುತ್ತದೆ. ಜರ್ಮನಿಯಲ್ಲಿ 1990ರ ದಶಕದಿಂದಲೇ ಪ್ಲಾಸ್ಮಾಗೆ ಮೆಥಿಲೀನ್ ಬ್ಲೂ ಸೇರಿಸಿ ಬೆಳಕು ಬಿಟ್ಟು ವೈರಸ್ ಕೊಲ್ಲುತ್ತಾರೆ. ಆಮೇಲೆ ಫಿಲ್ಟರ್‌ನಲ್ಲಿ ಬಣ್ಣ ತೆಗೆಯುತ್ತಾರೆ.

ಕಾವೇರಿ_ದಂಡೆ
ಎಲ್ಲರಿಗೂ ಧನ್ಯವಾದ. ಡಾಪ್ಲರ್ ಮಾಡಿಸಿಲ್ಲ. ನಾಳೆ ಅಪ್ಪನನ್ನು ಮೈಸೂರಿನಲ್ಲಿ ಪಾದದ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಕಿನ ಚಿಕಿತ್ಸೆಯ ಬಗ್ಗೆಯೂ ಕೇಳುತ್ತೇನೆ.

ಹಳೇ_ಕಾಂಪೌಂಡರ್
ಒಳ್ಳೆಯದಾಗಲಿ ಮಗಾ. ಗಾಯದ ಕಾಲು ಊರಿ ನಡೆಯಲು ಬಿಡಬೇಡ. ಅದಕ್ಕೇ ಅಂತ ಚಪ್ಪಲಿ ಮಾಡಿಕೊಡುತ್ತಾರೆ, ಕೇಳು.

ಹೈನುಗಾರ_ಹಾಸನ
ಮನುಷ್ಯರ ಮಾತಿನ ನಡುವೆ ದನದ ಮಾತು ತರುತ್ತಿದ್ದೇನೆ. ನಮ್ಮ ಎಚ್ಎಫ್ ಹಸುವಿಗೆ ಕೆಚ್ಚಲು ಬಾವು ಮತ್ತೆ ಮತ್ತೆ ಬರುತ್ತಿದೆ. ಮೊಲೆಯೊಳಗೆ ಔಷಧಿ ಟ್ಯೂಬ್ ಏರಿಸುತ್ತಾರೆ, ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಟ್ಯೂಬ್ ಹಾಕಿದ ದಿನಗಳಲ್ಲಿ ಹಾಲು ಡೇರಿಗೆ ಹಾಕುವಂತಿಲ್ಲ. ಇದಕ್ಕೆ ಬಣ್ಣ-ಬೆಳಕು ಬರುತ್ತದಾ?

ಬೆಂಚಿನ_ಹುಡುಗಿ
ಬ್ರೆಜಿಲ್‌ನಲ್ಲಿ ಕೆಚ್ಚಲು ಬಾವಿನ ಮೇಲೂ ಪ್ರಯತ್ನ ಮಾಡಿದ್ದಾರೆ. ಟೊಲುಯಿಡಿನ್ ಬ್ಲೂ ಮೊಲೆತೊಟ್ಟಿನ ರಂಧ್ರದಿಂದ ಏರಿಸಿ, ಫೈಬರ್‌ನಿಂದ ಕೆಂಪು ಬೆಳಕು. ಸಣ್ಣ ಪ್ರಯೋಗ. ಹಳ್ಳಿಯ ಕೊಟ್ಟಿಗೆಗೆ ಬರುವಷ್ಟು ಬೆಳೆದಿಲ್ಲ. ಕೆಚ್ಚಲ ಒಳಗೆ ಬೆಳಕು ಎಲ್ಲ ಮೂಲೆಗೂ ಹೋಗಲ್ಲ, ಹಾಲು ಬೆಳಕನ್ನು ಚದುರಿಸುತ್ತದೆ, ಕೀವಿರುವಲ್ಲಿ ಆಮ್ಲಜನಕವೂ ಕಡಿಮೆ. ಸದ್ಯಕ್ಕೆ ಟ್ಯೂಬ್ ಹಾಕುವ ಮೊದಲು ಹಾಲಿನ ಕಲ್ಚರ್ ಮಾಡಿಸಿ ಅಂತ ಪಶುವೈದ್ಯರನ್ನು ಕೇಳಿ.

ಡೇರಿ_ಲ್ಯಾಬ್
ಮೆಥಿಲೀನ್ ಬ್ಲೂ ಅಂದ ಕೂಡಲೇ ನನಗೆ ನಮ್ಮ ಎಂಬಿಆರ್‌ಟಿ, ಅಂದರೆ ಈ ಬಣ್ಣದಿಂದ ಹಾಲಿನ ಗುಣಮಟ್ಟ ನೋಡುವ ಪರೀಕ್ಷೆ, ನೆನಪಾಯಿತು. ಹೈನುಗಾರರೇ, ನಿಮ್ಮ ಹಾಲಿಗೂ ಮಾಡಿರುತ್ತಾರೆ. 10 ಎಂಎಲ್ ಹಾಲಿಗೆ 1 ಎಂಎಲ್ ಬಣ್ಣ ಹಾಕಿ 37 ಡಿಗ್ರಿ ನೀರಿನಲ್ಲಿ ಟ್ಯೂಬ್ ಇಡುತ್ತೇವೆ. ಬ್ಯಾಕ್ಟೀರಿಯಾಗಳು ಆಮ್ಲಜನಕ ತಿಂದು ಮುಗಿಸಿದಾಗ ನೀಲಿ ಮಾಯವಾಗಿ ಹಾಲು ಬಿಳಿಯಾಗುತ್ತದೆ. ಐದು ಗಂಟೆ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬಿಳಿಯಾದರೆ ಕೆಟ್ಟದ್ದು.

ಹೈನುಗಾರ_ಹಾಸನ
ನಮ್ಮ ಸಂಘದಲ್ಲಿ ಹೊಸ ಹುಡುಗ ಆ ಟ್ಯೂಬ್‌ಗಳನ್ನು ಕಿಟಕಿ ಪಕ್ಕ ಬಿಸಿಲಿಗೇ ಇಡುತ್ತಾನೆ. ಅದರಿಂದ ವ್ಯತ್ಯಾಸ ಆಗುತ್ತದಾ?

ಡೇರಿ_ಲ್ಯಾಬ್
ಆಗುತ್ತದೆ. ಬಿಸಿಲು ಬಿದ್ದರೆ ಬ್ಯಾಕ್ಟೀರಿಯಾ ಕಡಿಮೆ ಇದ್ದರೂ ಬಣ್ಣ ಬೇಗ ಹೋಗುತ್ತದೆ, ನಿಮ್ಮ ಒಳ್ಳೆಯ ಹಾಲಿಗೂ ಕೆಟ್ಟ ದರ್ಜೆ ಬೀಳುತ್ತದೆ. ವಾಟರ್ ಬಾತ್‌ಗೆ ಮುಚ್ಚಳ ಹಾಕಿಯೇ ಇಡಬೇಕು ಅಂತ ಅವನಿಗೆ ಹೇಳಿ. ಬಣ್ಣದ ಬಾಟಲಿಯೂ ಕಂದು ಗಾಜಿನದ್ದೇ ಇರಲಿ.